ಜೀವ ಮುಟ್ಟದ ಚಾಕು

ನನ್ನ ಮೈದುನನ ಎಡಹುಬ್ಬು ಯಾವಾಗಲೂ ಅರ್ಧ ಸುಟ್ಟಿರುತ್ತಿತ್ತು. ಎಡ ಮುಂಗೈ ಮೇಲೆ ಒಂದು ಕೂದಲೂ ಇರುತ್ತಿರಲಿಲ್ಲ. ಅದು ಬೆಂಕಿಗೆ ಹೋದದ್ದಲ್ಲ, ಹೊಸ ಚಾಕುವಿನ ಹರಿತ ನೋಡಲು ಅವನೇ ಬೋಳಿಸಿಕೊಂಡದ್ದು. ಊಟಕ್ಕೆ ಕೂತರೆ ಮೈಯಿಂದ ಇದ್ದಲಿ ಮತ್ತು ಕುಸುಬಿ ಎಣ್ಣೆಯ ವಾಸನೆ. ಎಪ್ಪತ್ತರ ದಶಕದಲ್ಲಿ ಗುಲಬರ್ಗಾದ ಕಾನ್ವೆಂಟಿನಿಂದ ಸೀದಾ ಅಫಜಲಪುರ ತಾಲೂಕಿನ ಆ ಮನೆಗೆ ಸೊಸೆಯಾಗಿ ಬಂದ ನನ್ನನ್ನು ಅವನು ಮೊದಲು ಕೇಳಿದ್ದೇ ಇದು:

“ವೈನಿ, ಉಕ್ಕಿಗೆ ಇಂಗ್ಲಿಷ್‌ನ್ಯಾಗ ಏನಂತಾರ್ರಿ?”

“ಸ್ಟೀಲ್.”

“ಅದು ಊಟದ ಡಬ್ಬಿದು. ನಾ ಕೇಳಾಕತ್ತಿದ್ದು ಮೂಸಿ ಉಕ್ಕು, ಮಣ್ಣಿನ ಮೂಸ್ಯಾಗ ಕರಗಿಸಿದ್ದು.”

ಗಂಡನಿಗೆ ಆಳಂದದಲ್ಲಿ ನೌಕರಿ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವ ಮನುಷ್ಯ. ಉಳಿದ ದಿನಗಳಲ್ಲಿ ಆ ದೊಡ್ಡ ಮನೆಯಲ್ಲಿ ನನ್ನ ಜೊತೆ ನಗುತ್ತ ಮಾತಾಡುತ್ತಿದ್ದವನು ಈ ಮೈದುನ ಒಬ್ಬನೇ. ಮೈ ಓನ್ಲಿ ಫ್ರೆಂಡ್ ಎಂದರೂ ಸರಿಯೇ.

ಜೇವರ್ಗಿ ಕಡೆಯ ಒಬ್ಬ ಮುದುಕ ಕಮ್ಮಾರ ಅವನಿಗೆ ಹುಡುಗನಿದ್ದಾಗಲೇ ಈ ಹುಚ್ಚು ಹಿಡಿಸಿ ತೀರಿಕೊಂಡಿದ್ದ. ಹೊಲದ ಮೂಲೆಯ ಛಪ್ಪರದಲ್ಲಿ ಮೈದುನ ಮಣ್ಣಿಗೆ ಹೊಟ್ಟು ಕಲಸಿ ಅಂಗೈಯಗಲದ ಮೂಸೆ ಮಾಡುತ್ತಿದ್ದ. ಅದರೊಳಗೆ ಹಳೇ ಬಂಡಿಯ ಕಬ್ಬಿಣದ ಚೂರು, ತಂಗಡಿ ಗಿಡದ ಕಡ್ಡಿ, ಒಂದು ಹಿಡಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಜಾಲಿ ಇದ್ದಲಿಯಲ್ಲಿ ಹೂತು, ಬೆಳಗಿನಿಂದ ಹೊತ್ತು ಇಳಿಯುವವರೆಗೆ ತಿದಿ ಒತ್ತುವುದು. ಆಮೇಲೆ ಬೂದಿಯಲ್ಲೇ ಆರಲು ಬಿಡುವುದು. ಮರುದಿನ ಮೂಸೆ ಒಡೆದರೆ ಹೆಚ್ಚಿನ ಸಲ ಒಳಗೆ ಗುಳ್ಳೆಗುಳ್ಳೆ ಕಿಟ್ಟ. ಅಪರೂಪಕ್ಕೆ ಬೆಲ್ಲದ ಅಚ್ಚಿನಂಥ ನುಣ್ಣನೆಯ ಗಟ್ಟಿ. ಅಂಥ ದಿನ ಅವನು ಊಟ ಮರೆಯುತ್ತಿದ್ದ. “ಇದಕ್ಕ ಕೆಂಪು ಭಾಳ ಆಗಬಾರದ್ರಿ ವೈನಿ, ಸಿಟ್ಟಿಗೆದ್ದು ಉದುರಿ ಹೋಗ್ತದ,” ಎನ್ನುತ್ತ ಮಂದ ಕಾವಿನಲ್ಲಿ ಮಗುವಿನ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದ. ತಯಾರಾದ ಅಲಗಿಗೆ ನಿಂಬೆರಸ ಸವರಿದರೆ, ನೆರೆ ಇಳಿದ ಮೇಲೆ ಭೀಮೆಯ ಮಳಲಿನಲ್ಲಿ ಉಳಿಯುತ್ತದಲ್ಲ, ಅಂಥದೇ ಅಲೆ ಅಲೆ ಗೆರೆ. ಸಿಂಪ್ಲಿ ಬ್ಯೂಟಿಫುಲ್.

ತೊಡಕಿದ್ದದ್ದು ಒಂದೇ. ನಮ್ಮದು ಲಿಂಗ ಕಟ್ಟಿದ ಮನೆ, ಅವನು ಮಾಡುತ್ತಿದ್ದದ್ದು ಶಿಕಾರಿ ಚಾಕು. “ಕುಡಗೋಲು ಯಾರರೆ ಮಾಡ್ತಾರ್ರಿ. ಉಕ್ಕಿನ ಮಾನ ತಿಳಿಯೋದು ಶಿಕಾರಿ ಚಾಕಿನ್ಯಾಗ,” ಎಂಬುದು ಅವನ ವಾದ. ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದ್ದರು: ಅವನ ಕೈಯಲ್ಲಿರುವವರೆಗೆ ಅದು ಯಾವ ಜೀವವನ್ನೂ ಮುಟ್ಟಬಾರದು. ಅವನು ಕೊರಳ ಲಿಂಗ ಹಿಡಿದು ಆಣೆ ಮಾಡಿದ್ದ. ಹಾಗಾಗಿ ಪರೀಕ್ಷೆ ಎಲ್ಲ ತೊಯ್ದ ಹಗ್ಗ, ಜೋಳದ ದಂಟಿನ ಕಟ್ಟು, ಒಣ ಜಾಲಿ ಕೊರಡಿನ ಮೇಲೆ. ಇದನ್ನು ಫೀಲ್ಡ್ ಟೆಸ್ಟ್ ಅನ್ನುತ್ತಾರೆ ಎಂದು ನಾನೇ ಹೇಳಿಕೊಟ್ಟಿದ್ದೆ. ಆಮೇಲೆ ಊರ ತುಂಬ ಅದೇ ಮಾತು ಅವನದು. ಒಮ್ಮೆ ಮಾತ್ರ ಕಡಿದ ಹಗ್ಗವನ್ನು ಕಾಲಿಂದ ಒದ್ದು, “ಹಗ್ಗ ಏನ್ ಹೇಳ್ತದ, ಸತ್ತದ್ದು,” ಎಂದಿದ್ದ. ನಾನು ನಕ್ಕುಬಿಟ್ಟಿದ್ದೆ.

ಅತ್ತೆಗೆ ನನ್ನ ಮೇಲೆ ಬಂದ ದಿನದಿಂದ ಒಂದು ಅನುಮಾನ. “ಕಾನ್ವೆಂಟಿನ್ಯಾಗ ಕೇಕ್ ಕೊಡ್ತಿದ್ರಂತಲ್ಲ ಬೇ. ತತ್ತಿ ಹಾಕಿರ್ತಾರ ಅದರಾಗ.” ಕ್ರಿಸ್ಮಸ್‌ನಲ್ಲಿ ಸಿಸ್ಟರ್ ನಮ್ಮಂಥ ಹುಡುಗಿಯರಿಗೆ ಬಾಳೆಹಣ್ಣು ಕೊಡುತ್ತಿದ್ದರು ಎಂದು ಎಷ್ಟು ಸಲ ಹೇಳಿದರೂ ಅವರು “ಹೂಂ” ಅನ್ನುತ್ತಿದ್ದರು, ಅಷ್ಟೇ. ನಾನು ಬಡಿದ ರೊಟ್ಟಿಯನ್ನು ಅವರು ತಿನ್ನತೊಡಗಲು ವರ್ಷಗಳೇ ಹಿಡಿದವು. ದೇವರ ಜಗಲಿ ಸಾರಿಸಲು ಬಿಟ್ಟದ್ದು ಅದಕ್ಕೂ ಆಮೇಲೆ. ಆ ದಿನ ನಾನು ಹಿತ್ತಲಿಗೆ ಹೋಗಿ ಅತ್ತಿದ್ದೆ, ಸಂತೋಷಕ್ಕೆ. ಅಮಾವಾಸ್ಯೆ ಬಂದರೆ ಅವರು ಜಗಲಿ ಮುಂದೆ ಕೂತು ಕೇಳುವರು: “ನನ್ನ ಮಗ ಚಾಕು ಎದರ ಮ್ಯಾಲೆ ನೋಡ್ತಾನ?” ನಾನು ಹೇಳುವೆ: “ಹಗ್ಗದ ಮ್ಯಾಲೆ ಅತ್ತಿ. ನಾನೇ ನೋಡೀನಿ.” ಮಗನ ಮಾತಿಗಿಂತ ಅವರಿಗೆ ಆಗ ನನ್ನ ಮಾತೇ ಹೆಚ್ಚಾಗಿತ್ತು.

ಒಂದು ಮಧ್ಯಾಹ್ನ ಅಂಗಳದಲ್ಲಿ ಅತ್ತೆ ಮೊರದಲ್ಲಿ ತೊಗರಿ ಬೇಳೆ ಕೇರುತ್ತಿದ್ದರು. ನದಿಯಾಚೆ ಜೇವರ್ಗಿ ಕಡೆಯ ಶಿಕಾರಿಯೊಬ್ಬ ಬಾಗಿಲಲ್ಲಿ ನಿಂತು ನಗುನಗುತ್ತ ಕೈಮುಗಿದ.

“ಸಣ್ಣ ಗೌಡ್ರು ಅದಾರೇನ್ರಿ? ಚಾಕು ಮಸ್ತ್ ಅದ ಅಂತ ಹೇಳಾಕ ಬಂದೀನಿ. ಹಂದಿ ಎಲುಬಿಗೆ ಬಡದರೂ ಒಂದು ಹಲ್ಲು ಬಿಟ್ಟಿಲ್ರಿ ಯವ್ವಾ!”

ಅತ್ತೆಯ ಮೊರ ನಿಂತಿತು. “ಯಾರು ಬಡದ್ರು?”

“ನಿಮ್ಮ ಮಗಾರೇ ರೀ. ಪ್ರತಿ ಚಾಕೂ ಅವರೇ ಬಂದು ತಮ್ಮ ಕೈಲೇ ನೋಡ್ತಾರಲ್ರಿ. ನಮಗ ಕೊಡೋದು ಆಮ್ಯಾಲೆ.”

ಅವನಿಗೆ ಪಾಪ ಏನೂ ಗೊತ್ತಿರಲಿಲ್ಲ. ಮುಖಗಳನ್ನು ನೋಡಿ ಮೆಲ್ಲಗೆ ಹೊರಟುಹೋದ. ಅಷ್ಟರಲ್ಲಿ ಮೈದುನ ಹೊಲದಿಂದ ಬಂದ. ಅತ್ತೆ ಬಯ್ಯಲಿಲ್ಲ. “ಖರೇ ಏನೋ?” ಎಂದಷ್ಟೇ ಕೇಳಿದರು. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ನನ್ನ ಕಡೆ ನೋಡಿದ. ಆ ನೋಟ ಏನು ಕೇಳುತ್ತಿದೆ ಎಂದು ನನಗೆ ತಿಳಿಯುವ ಮುಂಚೆಯೇ ಬಾಯಿ ಬಿಟ್ಟ.

“ವೈನಿಗೆಲ್ಲಾ ಗೊತ್ತಿತ್ತವ್ವಾ. ಎಲುಬಿನ ಮ್ಯಾಲೆ ನೋಡಿದ್ರಷ್ಟ ಟೆಸ್ಟ್ ಅಂತ ಇಂಗ್ಲಿಷ್ ಪುಸ್ತಕ ಓದಿ ಹೇಳಿದವ್ರು ಅವರೇ. ಕಾನ್ವೆಂಟಿನ್ಯಾಗ ಬೆಳದವ್ರು, ಅವರಿಗೆ ಇದೇನ್ ದೊಡ್ಡದು?”

ನಾನು ಅಂಥ ಪುಸ್ತಕ ಕಂಡವಳೂ ಅಲ್ಲ, ಓದಿದವಳೂ ಅಲ್ಲ. “ಇಲ್ಲ ಅತ್ತಿ, ಇಲ್ಲ,” ಎಂದೆ. ಅವರು ನನ್ನ ಕಡೆ ತಿರುಗಿದರು. “ಅಂವ ಗಂಡಸು, ದಾರಿ ತಪ್ಪತಾನ. ನೀ ಜಗಲಿ ಮುಂದ ಕುಂತು ಸುಳ್ಳ ಹೇಳಿದ್ಯಲ್ಲ ಬೇ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಅವನಿಗೆ ಅಯ್ಯನವರನ್ನು ಕರೆಸಿ, ವಿಭೂತಿ ಹಚ್ಚಿಸಿ, ಮತ್ತೆ ಲಿಂಗ ಕಟ್ಟಿಸಿದರು. ಅವನು ಶುದ್ಧನಾದ. ನನಗೆ ಅಂಥ ಶಾಸ್ತ್ರ ಯಾವುದೂ ಇರಲಿಲ್ಲ. ಮರುದಿನದಿಂದ ಅತ್ತೆ ತಮ್ಮ ರೊಟ್ಟಿ ತಾವೇ ಬಡಿದುಕೊಂಡರು.

ಛಪ್ಪರಕ್ಕೆ ಹೋಗಿ ಅವನನ್ನು ಕೇಳಿದೆ. ಕಣ್ಣಲ್ಲಿ ನೀರು ತಂದುಕೊಂಡ. “ಬಾಯಿಗೆ ಬಂತು, ಅಂದಬಿಟ್ಟೆ ವೈನಿ. ಅವ್ವನ ಸಿಟ್ಟು ಇಳೀಲಿ, ನಾನೇ ಖರೇ ಹೇಳ್ತೇನಿ.” ಗಂಡನಿಗೆ ಹೇಳಿದರೆ, “ಹೋಗಲಿ ಬಿಡು, ನಿನ್ನನ್ನೇನು ಮನೆಯಿಂದ ಹೊರಗೆ ಹಾಕಿದ್ರಾ?” ಎಂದರು. ಹೌದು, ಯಾರೂ ಹಾಕಲಿಲ್ಲ.

ಮೈದುನನನ್ನು ಕೆಟ್ಟವನೆಂದು ಬರೆದು ಮುಗಿಸಿದ್ದರೆ ಸುಲಭವಿತ್ತು. ಒಂದು ಮಳೆಗಾಲ ಹಳ್ಳ ತುಂಬಿ ಬಸ್ಸು ನಿಂತಾಗ, ಜ್ವರದಿಂದ ಕಣ್ಣು ಮೇಲಾದ ನನ್ನ ಮಗಳನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರು ದಾಟಿ ಅಫಜಲಪುರದ ದವಾಖಾನೆ ಮುಟ್ಟಿಸಿದವನು ಅವನೇ. ಮಗಳು ಉಳಿದದ್ದು ಅವನಿಂದ. ಆ ಋಣ ನನ್ನ ಬಾಯಿ ಕಟ್ಟಿತು. ಕೇಳಿದಾಗಲೆಲ್ಲ “ಹೇಳ್ತೇನ್ರಿ” ಎನ್ನುತ್ತಿದ್ದ. ನಾನೂ ಕಾದೆ. ಹೌ ಫೂಲಿಶ್.

ಅತ್ತೆ ಕೊನೆಯ ಹಾಸಿಗೆ ಹಿಡಿದಾಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಾನು ಚಮಚದಲ್ಲಿ ಹಾಲು ಹಿಡಿದೆ. ಅವರು ತುಟಿ ಬಿಗಿದರು. ಕಣ್ಣಿನಿಂದಲೇ ಮಗನನ್ನು ತೋರಿಸಿದರು. ನನ್ನ ಕೈಯಿಂದ ಬಟ್ಟಲು ಅವನ ಕೈಗೆ ಹೋಯಿತು. ಹಂದಿ ಸೀಳಿದ ಆ ಕೈಯಿಂದ ಅವರು ಹಾಲು ಕುಡಿದರು. ಕೋಣೆಯಲ್ಲಿ ನಾವು ಮೂವರೇ. ಒಂದು ಮಾತು ಸಾಕಿತ್ತು. ನಾನು ಅವನ ಮುಖವನ್ನೇ ನೋಡುತ್ತ ನಿಂತಿದ್ದೆ. ಅವನು ಬಟ್ಟಲನ್ನೇ ನೋಡುತ್ತ ಹಾಲು ಕುಡಿಸಿ ಮುಗಿಸಿದ. ಹೊತ್ತು ಮುಳುಗುವಷ್ಟರಲ್ಲಿ ಅತ್ತೆ ಹೋಗಿಬಿಟ್ಟರು.

ಇದ್ದಲಿಯ ಹೊಗೆ ಅವನ ಎದೆಯನ್ನೂ ತಿಂದಿತು. ತೊಂಬತ್ತರ ದಶಕದ ಒಂದು ದೀಪಾವಳಿಯಲ್ಲಿ ಅವನ ಮಕ್ಕಳು, ನನ್ನ ಮಗಳು ಎಲ್ಲ ಅವನ ಮಂಚದ ಸುತ್ತ ನೆರೆದಿದ್ದರು. ಅವನು ದಿಂಬಿಗೆ ಒರಗಿ, ಕೆಮ್ಮುತ್ತ, ಕಥೆ ಹೇಳತೊಡಗಿದ. “ನಿಮ್ಮ ಈ ದೊಡ್ಡವ್ವ ಅದಾಳಲ್ಲ, ಭಾರಿ ಭೋಳೆ! ಅಕಿಗೆ ಏನೂ ಗೊತ್ತಿರಲಿಲ್ಲಪಾ. ಅಕಿ ಹೆಸರು ಹೇಳಿ ನಾ ಪಾರಾದೆ. ನಾ ಬೈಸಿಕೊಳ್ಳೋದೆಲ್ಲ ಅಕಿ ಬೈಸಿಕೊಂಡ್ಲು!” ಶಿಕಾರಿಯ ಮಾತು, ಅತ್ತೆಯ ಮೊರ, ಎಲ್ಲವನ್ನೂ ನಟಿಸಿ ತೋರಿಸಿದ. ಮಂಚವೇ ಅಲುಗಾಡುವಂತೆ ನಕ್ಕರು ಎಲ್ಲರೂ. ನನ್ನ ಮಗಳು ನನ್ನ ಕೊರಳು ತಬ್ಬಿ, “ಮಮ್ಮಿ, ಯೂ ನೆವರ್ ಟೋಲ್ಡ್ ಅಸ್! ಹೌ ಸ್ವೀಟ್,” ಎಂದಳು. ಅವನು ನಾನು ನಗುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದ. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಸುಗ್ಗಿಗೆ ಮುಂಚೆ ತೀರಿಕೊಂಡ. ನಮ್ಮ ಹೊಲದಲ್ಲೇ, ಅವನ ತಾಯಿಯ ಪಕ್ಕದಲ್ಲಿ, ಕೂರಿಸಿ ಮಣ್ಣು ಮಾಡಿದರು. ಮನೆಗೆ ಹಿರಿಯಳೆಂದು ನನ್ನನ್ನೂ ಒಂದು ಹಿಡಿ ಮಣ್ಣು ಹಾಕಲು ಕರೆದರು. ಬಗ್ಗಿದೆ. ಪಕ್ಕದಲ್ಲಿದ್ದವರು ನಾನು ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡರಂತೆ. ನಾನು ಅವನಿಗೆ ಹೇಳಿದ್ದು ಇಷ್ಟೇ:

“ಅಲ್ಲೆರೆ ಖರೇ ಹೇಳಪಾ, ನಿಮ್ಮವ್ವಗ.”