ನೀರಿನ ಹಿಂದೆ ಹೂ ಬಿಟ್ಟ ಪುಟ್ಟಮಾದಯ್ಯ

ಪುಟ್ಟಮಾದಯ್ಯನವರ ಮುಂದೆ ಯಾವ ಮಾತೂ ಮುಗಿಯುತ್ತಿರಲಿಲ್ಲ. ‘ಊಟ ಆಯ್ತು’ ಎಂದರೂ ಕೋಳಿಯಂತೆ ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ‘ಆಮೇಕೆ?’, ಅಂದರೆ ಆಮೇಲೇನು, ಎನ್ನುತ್ತಿದ್ದರು. ಹರವೆ ಪಕ್ಕದ ನಮ್ಮೂರಿಗೆ ನಲ್ಲಿ ನೀರು ಬಿಡುವ ವಾಟರ್‌ಮನ್ ಅವರು. ನಾನೋ, ಊರವರನ್ನೆಲ್ಲ ಅಣಕಿಸಿಕೊಂಡು ತಿರುಗುವವನು. ಅವರೇ ನನ್ನ ಬೆಸ್ಟ್ ಐಟಂ. ನನ್ನನ್ನೇ ಅಣಕಿಸಿಕೊಂಡರೆ ಮಾತ್ರ ಯಾರೂ ನಗುವುದಿಲ್ಲ. ವ್ಯತ್ಯಾಸವೇ ಗೊತ್ತಾಗುವುದಿಲ್ಲವಂತೆ.

ಈಚೆಗೆ ನಮ್ಮ ಮಳೆ ತಿಂಗಳುಗಟ್ಟಲೆ ಮುಖ ತೋರಿಸದೆ, ಒಂದೇ ಮಧ್ಯಾಹ್ನ ಬಂದು ಬಸ್ ರಸ್ತೆಯನ್ನು ಮುಳುಗಿಸಿ ಹೋಗುತ್ತದೆ. ರಸ್ತೆಯನ್ನು ಮೂರಡಿ ಎತ್ತರಿಸುವ ನಕ್ಷೆ ಹಿಡಿದು ಇಂಜಿನಿಯರ್ ಮೇಡಂ ಗ್ರಾಮಸಭೆಗೆ ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

‘ರೋಡು ಎತ್ರ ಆದ್ರೆ ನೀರೇನು ಸತ್ತೋದದ್ಲಾ? ಇನ್ನೊಬ್ರ ಮನ್ಗೆ ನೆಂಟ್ರಾಗಿ ಓಯ್ತದೆ’ ಎಂದು ಪುಟ್ಟಮಾದಯ್ಯ ನನ್ನ ಕಿವಿಯಲ್ಲಿ ಗೊಣಗಿದರು.

‘ಎದ್ನಿಂತು ಅದ್ನೇ ಅನ್ನಿ ಮತ್ತೆ’ ಎಂದೆ.

ಅವರು ಕೂತಲ್ಲೇ ಇನ್ನಷ್ಟು ಹಿಂದೆ ಸರಿದರು. ಅಧಿಕಾರಿಗಳ ಮುಂದೆ ಅವರ ನಾಲಿಗೆ ಏಳುತ್ತಿರಲಿಲ್ಲ.

‘ಬುಡಿ, ನಾನೇ ನೀವಾಯ್ತೀನಿ’ ಎಂದು ಎದ್ದು ನಿಂತೆ. ತಲೆ ಓರೆ, ಒಂದು ಕಣ್ಣು ಬಂದ್. ‘ಆಮೇಕೆ?’

ಸಭೆ ಘೊಳ್ಳೆಂದಿತು. ಮೇಡಂ ಪಾಪ, ನಿಜವಾಗಿಯೇ ಉತ್ತರ ಕೊಟ್ಟರು: ‘ನೀರು ತಗ್ಗಿನ ಕಡೆಗೆ ಹೋಗುತ್ತೆ.’

‘ಆಮೇಕೆ?’

‘ತಗ್ನಲ್ಲಿ ಟ್ರಾನ್ಸ್‌ಫಾರ್ಮರ್ ಅದೆ!’ ಹಿಂದಿನಿಂದ ಯಾರೋ ಕೂಗಿದರು.

‘ಆಮೇಕೆ?’

‘ಕರೆಂಟ್ ತೆಗಿತಾರೆ. ಪಂಪ್ ನಿಲ್ತದೆ’ ಎಂದ ಇನ್ನೊಬ್ಬ.

‘ಆಮೇಕೆ?’

‘ಊರ್ ತುಂಬ ನೀರು, ಕುಡ್ಯಕೆ ತೊಟ್ಟಿಲ್ಲ ಕಣ್ಲಾ!’ ನನ್ನಜ್ಜಿ ಸೆರಗು ಬಿಗಿದಳು. ‘ಬಿಂದ್ಗೆ ತಕಂಡು ಈ ಪುಟ್ಟಮಾದನ್ ಮನೆ ಮುಂದ್ಕೇ ಬತ್ತೀವಿ!’

ಈಗ ಯಾರೂ ನಗಲಿಲ್ಲ. ‘ನೀರು ಆ ಕಡೆ ತಿರುಗುತ್ತೆ ಅಂತ ನಕ್ಷೆಯಲ್ಲಿ ಇಲ್ಲವಲ್ಲ’ ಎಂದರು ಮೇಡಂ.

ಪುಟ್ಟಮಾದಯ್ಯ ಎದ್ದರು. ‘ನಕ್ಸೇಲಿ ಇಲ್ದಿದ್ರೆ ನೀರಲ್ಲೇ ತೋರ್ಸನ ಬುಡಿ ತಾಯಿ.’

ಮಳೆ ಬಂದ ದಿನ ಮೇಡಮ್ಮೂ ಬಂದರು. ಪುಟ್ಟಮಾದಯ್ಯ ಮಾರಲಾಗದೆ ಬಲಿತು ಒಣಗಿದ ಚೆಂಡುಹೂವನ್ನು ಎರಡು ಮಂಕರಿ ತಂದು, ಮೇಲಿನ ಹೊಲದ ನೀರಿಗೆ ಸುರಿದರು. ನಾವೆಲ್ಲ ಕೊಡೆ ಹಿಡಿದು ಹೂವಿನ ಹಿಂದೆ ಓಡಿದೆವು. ನಾನು ಜಾರಿ ಬಿದ್ದು ಅದಕ್ಕೂ ಚಪ್ಪಾಳೆ ಗಿಟ್ಟಿಸಿದೆ. ಅರ್ಧ ಹೂ ರಸ್ತೆ ದಾಟಿತು. ಇನ್ನರ್ಧ ತಿರುಗಿ, ಪೂಜೆಗೆ ಬಂದಂತೆ ಟ್ರಾನ್ಸ್‌ಫಾರ್ಮರ್ ಕಾಲಡಿ ಕೂತಿತು.

‘ರೋಡ್ ಎತ್ತರ್ಸುದ್ರೆ ಆ ಅರ್ಧನೂ ಇಲ್ಗೇ ಬತ್ತದೆ’ ಎಂದರು ಪುಟ್ಟಮಾದಯ್ಯ.

ಮೇಡಂ ನಕ್ಷೆ ಬದಲಿಸಿದರು. ಎತ್ತರಿಸಿದ ರಸ್ತೆಯಡಿ ಮೂರು ಮೋರಿ ಬಂದವು, ಟ್ರಾನ್ಸ್‌ಫಾರ್ಮರ್ ಕಟ್ಟೆ ಏರಿತು.

ಪುಟ್ಟಮಾದಯ್ಯ ಈಗ ಕೆಲಸ ಬಿಟ್ಟು ಗುಂಡ್ಲುಪೇಟೆಯಲ್ಲಿ ಮಗಳ ಮನೆ ಸೇರಿದ್ದಾರೆ. ಅವರಿಲ್ಲದೆ ಬಂದ ಮೊದಲ ದೊಡ್ಡ ಮಳೆಯಲ್ಲಿ ಬಸ್ಸೂ ಬಂತು, ನಲ್ಲಿಯಲ್ಲಿ ನೀರೂ ಬಂತು. ಮೋರಿಯಾಚೆ ಅವರು ಸುರಿದಿದ್ದ ಹೂವಿನ ಬೀಜ ಮೊಳೆತು, ಹಳದಿ ಸಾಲೊಂದು ನೀರು ಹರಿದ ದಾರಿಯುದ್ದಕ್ಕೂ ಕೆಳಕ್ಕೆ ಬೆಳೆದು ನಿಂತಿತ್ತು. ಫೋನು ಮಾಡಿ ಅವರ ದನಿಯಲ್ಲೇ ವರದಿ ಒಪ್ಪಿಸಿದೆ: ‘ಮೂರ್ ಮೋರಿಲೂ ನೀರು ಸಲೀಸಾಗಿ ದಾಟ್ಕಂಡೋಯ್ತು!’

ಆ ಕಡೆ ಅವರು ತಲೆ ಓರೆ ಮಾಡಿರಬೇಕು. ಒಂದು ಕಣ್ಣು ಮುಚ್ಚಿದ್ದು ಇಲ್ಲಿಗೇ ಕಂಡಿತು.

‘ಆಮೇಕೆ?’

ದಾಟಿದ ನೀರು ಆಮೇಲೆ ಯಾರ ಮನೆಗೆ ನೆಂಟನಾಗಿ ಹೋಯಿತೋ ನೋಡಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು, ಚೆಂಡುಹೂವಿನ ಸಾಲು ಹಿಡಿದು ಹೊರಟೆ.