ವಿಭೂತಿ ಇಟ್ಟಿದ್ದ ಸೀಸೆ

ನಾನು ಗುರಮ್ಮಕ್ಕನಿಗೆ ಸುಳ್ಳು ಹೇಳಿದೆ. ಆ ಸೀಸೆಯೊಳಗೆ ತಂಬಾಕಿನ ವಾಸನೆ ಇರಲಿಲ್ಲ. ಇದೆ ಎಂದು ಹೇಳುವಾಗಲೇ ಇಲ್ಲವೆಂಬುದು ನನಗೆ ಗೊತ್ತಿತ್ತು.

ನನಗೆ ನಶ್ಯದ ಸೀಸೆಗಳ ಹುಚ್ಚು — ಹಿಂದೆ ಚೀನಾದ ಶ್ರೀಮಂತರು ಸೊಂಟದಲ್ಲಿಟ್ಟುಕೊಂಡು ತಿರುಗುತ್ತಿದ್ದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸೀಸೆಗಳು. ಬಿರಡೆಯ ಅಡಿಗೆ ಕಡ್ಡಿಯಂಥ ಪುಟ್ಟ ಚಮಚ. ನಾಶಿಕದ ಪಂಚವಟಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಗಾಜಿನವು, ಪಿಂಗಾಣಿಯವು ಹನ್ನೊಂದಿದ್ದವು. ಜೇಡ್ ಕಲ್ಲಿನಲ್ಲಿ ಕೆತ್ತಿದ್ದು ಒಂದೂ ಇರಲಿಲ್ಲ. "ನಶ್ಯ ಏರಸಂಗಿಲ್ಲ, ಸೀನಂಗಿಲ್ಲ, ಬರೇ ಬುಡ್ಡಿ ಒರಸ್ಕೋತ ಕೂಡ್ತೀರಿ" ಎಂದು ಹೆಂಡತಿ ನಗುತ್ತಿದ್ದಳು. ನಗಲಿ — ನನಗೆ ಜೇಡಿನದೊಂದು ಬೇಕಿತ್ತು.

ಗುರಮ್ಮಕ್ಕ ನಮ್ಮ ಭಾಲ್ಕಿ ಕಡೆಯವರು. ಗಂಡ ಮಲ್ಲಪ್ಪನವರು ಸಂಭಾಜಿನಗರದಲ್ಲಿ ಕಿರಾಣಿ ಅಂಗಡಿ ಇಟ್ಟವರು, ಆಗ ಲಕವಾ ಹೊಡೆದು, ಮೈ ಸ್ವಾಧೀನ ತಪ್ಪಿ ಮಲಗಿದ್ದರು. ಹತ್ತಿರದ ವೇರೂಳಿನಲ್ಲಿ ಶಿವನ ದರ್ಶನ ಮುಗಿಸಿ ಅವರನ್ನು ನೋಡಲು ಹೋಗಿದ್ದೆ. ಅಕ್ಕ ದೇವರ ಜಗಲಿಯಿಂದ ಒಂದು ಸೀಸೆ ತಂದು, ಪುಟ್ಟ ಚಮಚದಿಂದ ವಿಭೂತಿ ತೆಗೆದು ಗಂಡನ ಹಣೆಗೆ ಹಚ್ಚಿದರು. ಮಾತು ಬಿದ್ದುಹೋದ ಮನುಷ್ಯ — ಹಚ್ಚುವಷ್ಟು ಹೊತ್ತು ಕಣ್ಣು ಮುಚ್ಚಿ, ಆಮೇಲೆ ಹೆಂಡತಿಯ ಮುಖ ನೋಡಿದರು. ನಾನು ನೋಡಿದ್ದು ಸೀಸೆಯನ್ನು. ಬಿಳಿ ಜೇಡ್, ಮೇಲೆ ಬಾವಲಿ ಮತ್ತು ಹಣ್ಣಿನ ಕೆತ್ತನೆ.

ಅಕ್ಕನ ಅತ್ತೆಗೆ ಹೈದರಾಬಾದಿನ ಯಾರೋ ದೊಡ್ಡವರ ಮನೆಯಿಂದ ಬಂದದ್ದಂತೆ. ನೋಡಲು ಕೇಳಿದೆ. ಅಕ್ಕ ವಿಭೂತಿಯನ್ನು ತಟ್ಟೆಗೆ ಸುರಿದು ಕೊಟ್ಟರು. ನಶ್ಯ ಕಂಡ ಸೀಸೆಯ ಒಳಗೆ ಕಂದು ಕಲೆ ಉಳಿದೇ ಉಳಿಯುತ್ತದೆ. ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಒಂದು ಕಲೆಯಿಲ್ಲ. ಉಡುಗೊರೆಗೆಂದೇ ಮಾಡಿದ್ದು, ತಂಬಾಕು ಕಂಡದ್ದೇ ಅಲ್ಲ.

ನನಗೇ ಕೊಡಿ ಎಂದು ಕೇಳಿದ್ದರೆ ಕೊಡುತ್ತಿರಲಿಲ್ಲ. ಅದಕ್ಕೇ — ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದೆ.

"ಅಕ್ಕಾರ, ಇದು ತಂಬಾಕಿನ ಬುಡ್ಡಿ ಅದರಿ. ಇನ್ನೂ ವಾಸನಿ ಅದ. ಇದರಾಗ ವಿಭೂತಿ ಇಡಬಾರದಿತ್ತು."

ಅವರ ಮುಖ ಕಪ್ಪಿಟ್ಟಿತು. "ಅಯ್ಯ ಶಿವನೇ, ಮೊದಲ ಒಯ್ರಿ ಅದನ್ನ" ಎಂದರು. ಒಯ್ದೆ. ನಮ್ಮ ಶರಣರು ಮೈಲಿಗೆಯನ್ನೇ ಒಪ್ಪಲಿಲ್ಲವೆಂದು ಬಸವ ಜಯಂತಿಯಲ್ಲಿ ವರ್ಷವೂ ಮೈಕಿನ ಮುಂದೆ ಗಂಟಲು ಹರಿದುಕೊಳ್ಳುವವನು ನಾನೇ.

ಎರಡು ತಿಂಗಳಿಗೆ ಮಲ್ಲಪ್ಪನವರು ತೀರಿಕೊಂಡರು. ಸುದ್ದಿ ಕೇಳಿ ಹೊರಟೆ. ಬಸ್ಸು ವೈಜಾಪುರ ದಾಟುವಾಗ, ಇವತ್ತು ಹೇಳಿಬಿಡಬೇಕು ಅಂದುಕೊಂಡೆ — ಅಂದುಕೊಂಡೆ, ಅಷ್ಟೇ. ಮಲ್ಲಪ್ಪನವರ ದೇಹವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮನೆಯವರು ಒಬ್ಬೊಬ್ಬರಾಗಿ ಬಂದು ಹಣೆಗೆ ವಿಭೂತಿ ಹಚ್ಚಿದರು. ಅಕ್ಕನನ್ನು ಕರೆದರೆ ಅವರು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತೇಬಿಟ್ಟರು. ನಾನು ಬಂದುಹೋದ ದಿನದಿಂದಲೂ ಹಚ್ಚಿರಲಿಲ್ಲವಂತೆ, ಸೊಸೆ ಹಚ್ಚುತ್ತಿದ್ದಳಂತೆ.

"ನನ್ ಕೈಲೆ ಬ್ಯಾಡ. ಇಷ್ಟು ವರ್ಷ ಮೈಲಿಗಿ ಹಚ್ಚೀನಿ ಅವರಿಗಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ನನ್ನ ಪಾಲಿಂದು ನೀವು ಹಚ್ರಿ. ನೀವು ಹೇಳಿದ್ದಕ್ಕೇ ನನಗ ತಿಳೀತು."

ಹಚ್ಚಿದೆ. ಎಲ್ಲರೆದುರು, ಮೂರು ಬೆರಳಿನಿಂದ, ನೀಟಾಗಿ ಹಚ್ಚಿದೆ. ಇದಕ್ಕಿಂತ ಹೇಸಿಗೆಯ ಕೆಲಸ ನನ್ನ ಜನ್ಮದಲ್ಲಿ ಮಾಡಿಲ್ಲ.

ಆರು ವರ್ಷವಾಯಿತು. ಆ ಸೀಸೆಯನ್ನು ಯಾರಿಗೂ ತೋರಿಸಿಲ್ಲ. ಈ ಭಾನುವಾರ ಹೋಗಿ ಅವರ ಕೈಗೆ ಕೊಡುತ್ತೇನೆ. ಮಗ, ಸೊಸೆಯ ಎದುರಿಗೇ ಸುಳ್ಳು ನನ್ನದೆಂದು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಕ್ಷಮಿಸಿಬಿಟ್ಟಾರು — ಅದು ನನಗೆ ಬೇಡ.

ಆದರೆ ಅವರು ಒಂದು ಮಾತು ಕೇಳಿಯೇ ಕೇಳುತ್ತಾರೆ: ಅವರು ತೀರಿದ ದಿನವೇ ಯಾಕೆ ಹೇಳಲಿಲ್ಲ? ನಾನು ಹಚ್ಚುವಾಗ ಮಣ್ಣಿಗೆ ಒಯ್ಯಲು ಇನ್ನೂ ಎರಡು ತಾಸು ಇತ್ತು — ಅಕ್ಕ ತಾವೇ ಹಚ್ಚಬಹುದಿತ್ತು.