ಬಾಗಿಲಲ್ಲೇ ನಿಂತು ಕಂಡ ಸಾವು

ಕಟ್ಟಾಯದ ತಿಮ್ಮಪ್ಪನವರ ಹಿತ್ತಿಲಲ್ಲಿ ಹಂಡೆ ನೀರು ಕುದಿಯುತ್ತಿದೆ. ಬೆಳಕು ಇನ್ನೂ ಹರಿದಿಲ್ಲ. ಚಟ್ಟಕ್ಕೆ ಬಿದಿರು ಕಟ್ಟುತ್ತಿರುವವರು ಮಲ್ಲಿಗಮ್ಮನನ್ನು ಕಂಡದ್ದೇ ಮಾತು ನಿಲ್ಲಿಸಿ ದಾರಿ ಬಿಡುತ್ತಾರೆ. ಬೇರೆ ದಿನವಾದರೆ ಕೇರಿಯವಳೆಂದು ಜಗಲಿ ಹತ್ತಲೂ ಬಿಡದ ಮನೆ, ಇವತ್ತು ಒಳಕ್ಕೆ ಹೋಗು ಎಂದು ಕೈ ತೋರಿಸುತ್ತದೆ. ಸೊಸೆ ಆಶಾರಾಣಿ ಏಡ್ಸ್‌ನಿಂದ ಸತ್ತಿದ್ದಾಳೆ. ಮುಟ್ಟಿ ಮೀಯಿಸುವವರು ಬೇಕಾಗಿದ್ದಾರೆ.

ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ, 'ಆ ಕಾಯಿಲೆ'ಯಿಂದ ಹೆಂಗಸು ಸತ್ತ ಮನೆಯವರು ಹೇಳಿಕಳಿಸುವುದು ಹಳೇಕೋಟೆಯ ಮಲ್ಲಿಗಮ್ಮನಿಗೇ. ಕೂಲಿಯೇ ಜೀವನ. ಲೋಡಿಂಗ್ ಕೆಲಸಕ್ಕೆ ಊರೂರು ಸುತ್ತಿದ ಗಂಡ ಬೈರಯ್ಯನಿಂದ ಬಂದ ಸೋಂಕು ಅವಳಲ್ಲೂ ಇದೆ. ಅವನು ಸತ್ತ ದಿನ ಒಬ್ಬರೂ ಹತ್ತಿರ ಸುಳಿಯಲಿಲ್ಲ, ಒಬ್ಬಳೇ ಮೀಯಿಸಿದಳು. ಆ ಸುದ್ದಿ ಹಬ್ಬಿ ಅದೇ ಅವಳ ಕೆಲಸವಾಯಿತು. ಈಗ ಅವಳು ಬೀದಿಗೆ ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಹಾಸನದ ಆಸ್ಪತ್ರೆಯ ಮಾತ್ರೆ ನುಂಗಿ ಗಟ್ಟಿಮುಟ್ಟಾಗಿರುವವಳನ್ನು ಸಾವಿನ ನೆಂಟಳೆನ್ನುವವರಿಗೆ ಏನು ಹೇಳುವುದು!

"ಮಾತ್ರೆ ಕೊಡ್ಸೋಕೂ ಓಯ್ತೀನಿ ಸಾ. ಅದಕ್ಕೆ ಯಾರೂ ಕರಿಯಕಿಲ್ಲ. ನಾ ಬಾಗ್ಲಾಗೆ ನಿಂತ್ರೆ ಊರ್ಗೆಲ್ಲ ಗೊತ್ತಾಯ್ತದೆ ಅಂತ ಅಗಳಿ ಆಕ್ಕತಾರೆ" ಎನ್ನುತ್ತಾಳೆ.

ಆಶಾರಾಣಿ ಚನ್ನರಾಯಪಟ್ಟಣದ ಕಡೆಯ ತೀರಾ ಬಡವರ ಮಗಳು. ವರದಕ್ಷಿಣೆ ಬೇಡವೆಂದು ತಿಮ್ಮಪ್ಪನವರೇ ಹೆಣ್ಣು ಕೇಳಿಕೊಂಡು ಬಂದಾಗ ಹೆತ್ತವರು ಹಿರಿಹಿರಿ ಹಿಗ್ಗಿದರು. ಮಗ ಕುಮಾರ್‌ಗೆ ಕಾಯಿಲೆ ಇರುವುದು ಗಂಡಿನ ಮನೆಯವರಿಗೆ ಆಗಲೇ ಗೊತ್ತಿತ್ತು. "ದೊಡ್ಮನೆಯೋರು ಏನೂ ಬ್ಯಾಡ, ಎಣ್ಣು ಕೊಡಿ ಸಾಕು ಅಂದ್ರೆ, ಯಾಕೆ ಅಂತ ಕೇಳೋ ಬಾಯಿ ಬಡವ್ರಿಗೆ ಎಲ್ಲೈತೆ ಸಾ?" ಎನ್ನುತ್ತಾಳೆ ಮಲ್ಲಿಗಮ್ಮ.

ಕುಮಾರ್ ತೀರಿಹೋದ ಮೇಲೆ ಆಶಾರಾಣಿಯ ಚಾಪೆ ಹಿತ್ತಿಲ ಸೌದೆ ಕೋಣೆಗೆ ಬಂತು. ಮಾತ್ರೆ ತರಲು ಹಾಸನಕ್ಕೂ ಬಿಡಲಿಲ್ಲ. ಊಟದ ತಟ್ಟೆಯನ್ನು ಕೋಲಿನಿಂದ ತಳ್ಳುತ್ತಿದ್ದರು. ಎರಡು ದಿನ ತಟ್ಟೆ ಇದ್ದಲ್ಲೇ ಇದ್ದಾಗ ಬಾಗಿಲಲ್ಲೇ ನಿಂತು ನೋಡಿ, ಸತ್ತಳೆಂದುಕೊಂಡರು. ಒಬ್ಬರೂ ಮುಟ್ಟಿ ನೋಡಲಿಲ್ಲ.

ಮೀಯಿಸುವಾಗ ಹೆಣದ ಜೊತೆ ಮಾತಾಡುವುದು ಮಲ್ಲಿಗಮ್ಮನ ಅಭ್ಯಾಸ. ಸೌದೆ ಕೋಣೆಯ ಮಂಕು ಬಲ್ಬಿನ ಕೆಳಗೆ ಕಲ್ಲಿನಂತೆ ತಣ್ಣಗಿರುವ ಪಾದ ಮುಟ್ಟಿ ಕೈಮುಗಿಯುತ್ತಾಳೆ. ಮೊದಲ ಚೊಂಬು ಸುರಿಯುತ್ತಾಳೆ. ಕಾಲ್ಬೆರಳು ಮುದುಡುತ್ತದೆ.

"ಬಿಸಿ ಜಾಸ್ತಿ ಆಯ್ತೇನವ್ವ?" ಎಂದು ಎಂದಿನಂತೆ ಕೇಳುತ್ತಾಳೆ.

"ಊಂ" ಎನ್ನುತ್ತದೆ ಹೆಣ.

"ಓಡೋಗ್ಬುಡಾನ ಅನ್ನುಸ್ತು ಸಾ."

ಓಡಿದಳು ಕೂಡ. ಅಂಗಳಕ್ಕೆ ಬಂದು "ಜೀವ ಐತೆ ಕಣ್ರಪ್ಪೋ!" ಎಂದು ಕೂಗಿದರೆ, ಬಿದಿರು ಕಟ್ಟುತ್ತಿದ್ದವರು ಹಿಂದೆ ಸರಿಯುತ್ತಾರೆ. ತಿಮ್ಮಪ್ಪ ನೆಲ ನೋಡುತ್ತಾರೆ. ಅತ್ತೆ ಚಿಕ್ಕಲಕ್ಷ್ಮಮ್ಮ ಮಾತ್ರ ದೂರದಿಂದಲೇ ಮೆಲ್ಲಗೆ ಹೇಳುತ್ತಾರೆ: "ನೆಂಟ್ರಿಗೆಲ್ಲ ಫೋನ್ ಮಾಡ್ಬುಟ್ಟಿದೀವಿ ಕಣೆ. ಒಳಗೋಗಿ ಇನ್ನೊಂದ್ ವಸಿ ಒತ್ತು ಕಾದ್ ನೋಡು."

ಮಲ್ಲಿಗಮ್ಮ ಕೇಳಿಸಿಕೊಂಡು ನಿಲ್ಲುವುದಿಲ್ಲ. ಮತ್ತೆ ಒಳಗೆ ಹೋಗುತ್ತಾಳೆ. ಒದ್ದೆ ಮೈಯನ್ನು ತನ್ನ ಕಂಬಳಿಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತು, ಯಾರ ಮುಖವನ್ನೂ ನೋಡದೆ ಚಟ್ಟದ ಪಕ್ಕದಲ್ಲೇ ನಡೆದುಬಿಡುತ್ತಾಳೆ. ರಸ್ತೆಯಲ್ಲಿ ಸಿಕ್ಕ ಹಾಲಿನ ಗಾಡಿ ಇಬ್ಬರನ್ನೂ ಹಾಸನಕ್ಕೆ ತಲುಪಿಸುತ್ತದೆ.

ಇದು ಕಳೆದ ಮಾಘದ ಮಾತು. ಆಶಾರಾಣಿ ಈಗ ಹಾಸನದ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಮಾಡುತ್ತಾಳೆ, ದಿನವೂ ಮಾತ್ರೆ ನುಂಗುತ್ತಾಳೆ. ಕಟ್ಟಾಯದಲ್ಲಿ ಅವಳ ತಿಥಿ ಮುಗಿದಿದೆ. ಗಂಡನ ಫೋಟೊ ಪಕ್ಕದಲ್ಲಿ ಅವಳ ಫೋಟೊಗೂ ಹಾರ ಬಿದ್ದಿದೆ. ಸತ್ತವಳು ಜಮೀನಿನಲ್ಲಿ ಪಾಲು ಕೇಳುವುದಿಲ್ಲವಲ್ಲ!

ನಿನಗೇನಾಸೆ ಎಂದರೆ ಮಲ್ಲಿಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. "ಉಸುರಿದ್ದಾಗ್ಲೇ ನನ್ನ ಕರೀಲಿ ಸಾ, ಅಷ್ಟೇಯ." ಆಮೇಲೆ ಮೆಲ್ಲಗೆ ನಗುತ್ತಾಳೆ. "ಇಷ್ಟು ಜನುಕ್ಕೆ ನೀರು ಉಯ್ದಿವ್ನಿ. ಮಿಂದು ಎದ್ದು ಕುಂತ್ಕಂಡು, ಒಟ್ಟೆ ಅಸೀತದೆ, ಒಂದು ಮುದ್ದೆ ಕೊಡಕ್ಕ ಅಂತ ಕೇಳ್ದೋಳು ಇವಳೊಬ್ಳೇಯ."